ಉದ್ದ ಗೀಟು, ಗಿಡ್ಡ ಗೀಟು

ನಮ್ಮೂರಲ್ಲಿ ಬೆಳಿಗ್ಗೆ ಎದುರು ಸಿಕ್ಕವರು ತಿಂಡಿ ಆಯಿತೇ ಎಂದು ಕೇಳುವುದಿಲ್ಲ. "ಇವತ್ತು ಎಷ್ಟು?" ಎಂದು ಕೇಳುತ್ತಾರೆ. ವಯಸ್ಸಿನಿಂದ ವಯಸ್ಸಿಗೆ ಓಡಾಟಕ್ಕೆ ಬಿದ್ದ ಹಿರಿಯರಿರುವ ಮನೆಯವರನ್ನು ಮಾತ್ರ ಹೀಗೆ ಕೇಳುವುದು, ಅದೂ ಆ ಹಿರಿಯರ ಕಿವಿಗೆ ಬೀಳದ ಹಾಗೆ. ನಮ್ಮವ್ವ ಪುಟ್ಟಗೌರಮ್ಮನಿಗೆ ಓಡಾಟ ಶುರುವಾದ ಮೇಲೆ ನಾನೂ ಹಾಲಿನ ಡೈರಿಯ ಮುಂದೆ ನಿಂತು ಉತ್ತರ ಹೇಳುವವಳಾದೆ. "ಇವತ್ತು ಹನ್ನೆರಡು. ಡಬ್ಬಿಯಲ್ಲಿದ್ದ ಬೆಲ್ಲ ಪೂರ್ತಿ ಖಾಲಿ," ಅನ್ನುತ್ತಿದ್ದೆ. ಇಲ್ಲವೇ, "ಐವತ್ತು. ಎದ್ದಾಗಿಂದ ನನಗೆ ಗಂಡು ಹುಡುಕ್ತಾ ಕೂತಿದ್ದಾಳೆ," ಅನ್ನುತ್ತಿದ್ದೆ. ಕೇಳಿದವರು ನಗುತ್ತಿದ್ದರು, ನಾನೂ ನಗುತ್ತಿದ್ದೆ. ನಲವತ್ತೈದು ವಯಸ್ಸಿನ ನನಗೆ ಇನ್ನು ಗಂಡು ಹುಡುಕುವವರು ನಮ್ಮವ್ವನನ್ನು ಬಿಟ್ಟರೆ ಯಾರೂ ಉಳಿದಿರಲಿಲ್ಲ.

ಓಡಾಟವೆಂದರೆ ಬರೀ ನೆನಪಿನ ಓಡಾಟವೆಂದು ಹೊರಗಿನವರು ತಿಳಿದಿರುತ್ತಾರೆ. ಮೈಯೂ ಹೋಗುತ್ತದೆ. ಹನ್ನೆರಡಾದ ದಿನ ಅವ್ವನ ಬಳೆಗಳು ಕೈಯಿಂದ ಜಾರಿ ಬಚ್ಚಲಲ್ಲಿ ಸಿಗುತ್ತಿದ್ದವು. ಐವತ್ತಾದ ದಿನ ಮಂಡಿ ನೋವಿಲ್ಲದೆ ಅಟ್ಟ ಹತ್ತಿ ಹಳೆಯ ಕೊಳದಪ್ಪಲೆ ಪಾತ್ರೆಗಳನ್ನೆಲ್ಲ ಕೆಳಗಿಳಿಸಿ ಹುಣಸೆಹಣ್ಣು ಹಾಕಿ ತಿಕ್ಕಿಡುತ್ತಿದ್ದಳು, ಮರುದಿನ ಎಪ್ಪತ್ತೆಂಟಾಗಿ ಎದ್ದು ಮೈಕೈ ನೋವೆಂದು ನರಳುತ್ತಿದ್ದಳು. ನಾನು ಹೊಲಿಗೆಯವಳು. ನಮ್ಮೂರಿನ ಹೊಲಿಗೆಯವರಿಗೆಲ್ಲ ಅನ್ನ ಹಾಕುವುದು ಎಳೆದಾರದ ನಿಲುವಂಗಿ. ಕತ್ತು, ತೋಳು, ಸೊಂಟ, ಎಲ್ಲ ಕಡೆ ದಾರವಿರುತ್ತದೆ. ಎಳೆದರೆ ಮಗುವಿಗಾಗುತ್ತದೆ, ಬಿಟ್ಟರೆ ಅಜ್ಜಿಗಾಗುತ್ತದೆ. ಅವ್ವ ಮಾತ್ರ ಅದನ್ನು ತೊಡಲೊಪ್ಪದೆ ಸೀರೆಯೇ ಬೇಕೆಂದು ಹಟ ಹಿಡಿಯುತ್ತಿದ್ದಳು. ಊರಿಗೆಲ್ಲ ಹೊಲಿದು ಕೊಟ್ಟವಳ ಮನೆಯಲ್ಲೇ ಒಂದು ಮಗು ಸೀರೆ ತುಳಿದು ಮುಗ್ಗರಿಸುತ್ತಿತ್ತು.

ಓಡಾಟಕ್ಕೆ ಎಲ್ಲೆ ಕಟ್ಟದಿದ್ದರೆ ಹಿರಿಯರು ಹುಟ್ಟುವುದಕ್ಕೂ ಹಿಂದಕ್ಕೆ ಜಾರಿಬಿಡುತ್ತಾರೆ. ಹಾಸಿಗೆಯಲ್ಲಿ ತಗ್ಗು ಉಳಿಯುತ್ತದೆ, ಮನುಷ್ಯರು ಉಳಿಯುವುದಿಲ್ಲ. ಅದಕ್ಕೇ ಬಾಗಿಲ ಮೇಲೊಂದು ಹಲಗೆ ಹೊಡೆದು ಅಂಕಿ ಬರೆಸುವುದು. ಎಡಗಡೆ ತೀರಾ ಚಿಕ್ಕ ವಯಸ್ಸು, ಬಲಗಡೆ ಈಗಿನ ವಯಸ್ಸು, ನಡುವೆ ಒಂದು ಗೀಟು. ನಮ್ಮ ಹಲಗೆಯ ಮೇಲೆ ಹೀಗಿತ್ತು: "೬—೭೮ ವರ್ಷದ ಹೆಂಗಸು ಇರುವ ಮನೆ." ಬರೆದವನು ಓಬಳಯ್ಯ. ಊರಿಗೆಲ್ಲ ಅವನು ಗೀಟಿನ ಓಬಳಯ್ಯ. ಅವನಿಗೆ ಬಾಯಿ ಜಾಸ್ತಿ, ಬಿಂಕ ಅದಕ್ಕಿಂತ ಜಾಸ್ತಿ. ಅಂಕಿ ಬರೆಯುವವರು ಬೀದಿಗೊಬ್ಬರಿದ್ದಾರೆ, ಗೀಟು ಎಳೆಯುವವನು ನಾನೊಬ್ಬನೇ ಎಂದು ಹೇಳಿಕೊಂಡು ತಿರುಗುತ್ತಿದ್ದ.

"ಗೀಟು ಎರಡೂ ಅಂಕಿಗೆ ತಾಗಿರಬೇಕು ಕಣಮ್ಮ," ಎಂದು ಅವನು ನಮ್ಮ ಹಲಗೆ ಬರೆದ ದಿನ ಏಣಿಯ ಮೇಲಿಂದಲೇ ಪಾಠ ಹೇಳಿದ್ದ. "ಆ ಕಡೆ ಈ ಕಡೆ ಜಾಗ ಬಿಟ್ರೆ ಗಾಳಿ ನುಗ್ತದೆ. ಆಮೇಲೆ ಮುದುಕರು ಸಂದೀಲಿ ಸಿಕ್ಕಾಕೊಂಡು ಕೂಗ್ತಾರೆ. ಉದ್ದ ಗೀಟು ಅಂದ್ರೆ ಆರರಿಂದ ಎಪ್ಪತ್ತೆಂಟರವರೆಗೆ ಎಲ್ಲಾ ವರ್ಷಾನೂ ಓಡಾಡ್ಬೋದು. ಗಿಡ್ಡ ಗೀಟು ಅಂದ್ರೆ ಬರೇ ಆರು, ಇಲ್ಲಾ ಬರೇ ಎಪ್ಪತ್ತೆಂಟು. ನಡುವೆ ಏನೂ ಇಲ್ಲ. ಮೇಲ್ಗೇರಿ ದಫೇದಾರರ ಅಳಿಯ ಏನ್ ಮಾಡ್ದ ಗೊತ್ತಾ? ನಾನು ಕೂಲಿ ಜಾಸ್ತಿ ಕೇಳ್ದೆ ಅಂತ ತಾನೇ ಬರ್ಕೊಂಡ. ಎಂಟು ಅಂತ ಬರ್ದು, ಮುಂದೆ 'ರಿಂದ' ಅಂತ ಸೇರ್ಸಿ, ಆಮೇಲೆ ಗೀಟೂ ಎಳ್ದ. ಗೀಟೇ 'ಇಂದ' ಅಂತದೆ, ಗೀಟೇ 'ವರೆಗೆ' ಅಂತದೆ. ಅದರ ಮೇಲೆ ಇವನೊಬ್ಬ ಇನ್ನೊಂದು ಸಲ 'ಇಂದ' ಅಂದ. ಮಾವ ಎಂಟರಿಂದ ಹೊರಟ. ಎಲ್ಲಿವರೆಗೆ ಅಂತ ಹೇಳೋರು ಯಾರು? ಹೋದ, ಹೋದವನು ಬರಲೇ ಇಲ್ಲ."

ಮಾತಿನಲ್ಲೂ ನಾವು ಎಚ್ಚರವಾಗಿರುತ್ತೇವೆ. ಬದನೆಕಾಯಿಯನ್ನು ಐದಾರು ಕೊಡಿ ಎಂದು ಕೇಳಬಹುದು, ಓಡಾಟದಲ್ಲಿರುವ ಹಿರಿಯರನ್ನು ಐದಾರು ವರ್ಷದವರಂತೆ ಕಾಣುತ್ತಾರೆ ಎನ್ನುವ ಹಾಗಿಲ್ಲ. ಎರಡು ಅಂಕಿಯನ್ನು ಕೂಡಿಸಿ ಒಂದೇ ಉಸಿರಿನಲ್ಲಿ ಹೇಳಿದರೆ ನಡುವೆ ಗೀಟಿಗೆ ಜಾಗವೆಲ್ಲಿ? ಐದು, ಆಮೇಲೆ ಸ್ವಲ್ಪ ತಡೆದು, ಆರು ಎನ್ನಬೇಕು. ಇನ್ನೂ ಒಂದು ಕಟ್ಟುಪಾಡು ಇದೆ. ಹಲಗೆಯ ವಿಷಯವನ್ನು ಹಿರಿಯರ ಮುಂದೆ ಎತ್ತಬಾರದು, ಅವರನ್ನು ಕೇಳಿ ಬರೆಸಬಾರದು. ತಾವು ಓಡಾಟದಲ್ಲಿದ್ದೇವೆಂದು ಅವರಿಗೆ ಗೊತ್ತಿರುವುದಿಲ್ಲ. ಅದನ್ನು ತಿಳಿಸುವುದೆಂದರೆ ಬೀದಿಯಲ್ಲಿ ಬಟ್ಟೆ ಬಿಚ್ಚಿದಷ್ಟು ಅಸಹ್ಯವೆಂದು ನಮ್ಮ ಜನ ತಿಳಿಯುತ್ತಾರೆ.

ಉದ್ದ ಗೀಟಿನಿಂದ ನನಗೆ ಸಿಕ್ಕ ಸುಖವನ್ನು ನಾನು ಯಾರ ಹತ್ತಿರವೂ ಹೇಳಿಕೊಂಡವಳಲ್ಲ. ಅವ್ವ ಮೂವತ್ತೊಂಬತ್ತಕ್ಕೋ ನಲವತ್ತಕ್ಕೋ ಬಂದ ದಿನ ನಾನು ಹೊಲಿಗೆ ಅಂಗಡಿಯ ಬಾಗಿಲು ತೆಗೆಯುತ್ತಿರಲಿಲ್ಲ. ಆ ವಯಸ್ಸಿನಲ್ಲಿ ಅವಳಿಗೆ ನಾನು ಆರು ಏಳು ವರ್ಷದ ಮಗಳು. ಎದುರಿಗೆ ಕನ್ನಡಕ ಹಾಕಿಕೊಂಡ ದಪ್ಪ ಹೆಂಗಸು ಕಂಡರೆ ಒಂದು ಗಳಿಗೆ ಬೆಚ್ಚಿ, ಆಮೇಲೆ ಗುರುತು ಹಿಡಿದು, "ಅಯ್ಯೋ, ಎಷ್ಟು ಬೆಳೆದುಬಿಟ್ಟೆ ಕಮಲೂ!" ಅನ್ನುತ್ತಿದ್ದಳು. ಪ್ರತಿ ಸಲವೂ ಅದೇ ಬೆರಗು. ಆಮೇಲೆ ನನ್ನನ್ನು ಕಾಲ ಸಂದಿಯಲ್ಲಿ ಕೂರಿಸಿಕೊಂಡು ಹರಳೆಣ್ಣೆ ಹಚ್ಚಿ, ನರೆತ ಕೂದಲನ್ನೇ ಬಿಗಿಯಾಗಿ ಎರಡು ಜಡೆ ಹಾಕಿ, ತಲೆ ಅಲ್ಲಾಡಿಸಿದರೆ ಬಾಚಣಿಗೆಯಿಂದ ಮೊಟಕುತ್ತಿದ್ದಳು. ನನ್ನ ಮಟ್ಟಿಗೆ ಅದಕ್ಕಿಂತ ದೊಡ್ಡ ಹಬ್ಬವಿರಲಿಲ್ಲ.

ಆದರೆ ಅದೇ ಗೀಟಿನ ಮೇಲೆ ಮೂವತ್ತೊಂದೂ ಇತ್ತು. ನನಗಿಂತ ಮೊದಲು ಅವ್ವನಿಗೊಬ್ಬ ಮಗನಿದ್ದ, ರೇವಣ್ಣ. ನಾನು ಹುಟ್ಟುವ ಹೊತ್ತಿಗೆ ಅವನಿರಲಿಲ್ಲ. ಏಳು ವರ್ಷದವನು ಗೆಳೆಯರ ಜೊತೆ ಈಜಲು ಹೋಗಿ ಊರಾಚೆಯ ಕಲ್ಲುಗಣಿಯ ಹೊಂಡದಲ್ಲಿ ಮುಳುಗಿದ. ಆಗ ಅವ್ವನಿಗೆ ಮೂವತ್ತೊಂದು. ಅಪ್ಪನ ಸಾವನ್ನೂ ಅವಳು ಆಗಾಗ ಹಾದುಹೋಗುತ್ತಿದ್ದಳು, ಅದನ್ನು ಸಂಜೆಯೊಳಗೆ ಅತ್ತು ಮುಗಿಸಿ ಎದ್ದು ಒಲೆ ಹಚ್ಚುತ್ತಿದ್ದಳು. ಮೂವತ್ತೊಂದು ಹಾಗಲ್ಲ. ಬೇರೆ ವಯಸ್ಸುಗಳಲ್ಲಿ ವರ್ಷದ ಯಾವ ದಿನಕ್ಕೆ ಬೇಕಾದರೂ ಬರುತ್ತಿದ್ದಳು, ಮೂವತ್ತೊಂದರಲ್ಲಿ ಮಾತ್ರ ನೆಟ್ಟಗೆ ಆ ದಿನಕ್ಕೇ ಬರುತ್ತಿದ್ದಳು. ಬಾಗಿಲಲ್ಲಿ ಯಾರೋ ಬಂದು ಸುದ್ದಿ ಹೇಳಿದ ಹಾಗೆ ತಟ್ಟನೆ ಎದ್ದು ಹೊಂಡದ ಕಡೆ ಓಡುತ್ತಿದ್ದಳು.

ಹೊಂಡವನ್ನು ಮುಚ್ಚಿ ಎಷ್ಟೋ ವರ್ಷವಾಯಿತು. ಈಗ ಅಲ್ಲಿ ತರಕಾರಿ ಸಂತೆ. ಅವ್ವ ಬರುವುದು ಕಂಡರೆ ಮಾರುವವರು ಬುಟ್ಟಿಗಳನ್ನು ಹಿಂದಕ್ಕೆಳೆದುಕೊಂಡು ದಾರಿ ಬಿಡುತ್ತಿದ್ದರು. ಅವಳು ಎಲೆಕೋಸಿನ ರಾಶಿಗಳ ನಡುವೆ ನಿಂತು ನೀರೆಲ್ಲಿ ನೀರೆಲ್ಲಿ ಎಂದು ಹುಡುಕುತ್ತಿದ್ದಳು. ಕೊತ್ತಂಬರಿ ಮಾರುವ ಮುದುಕಿಯೊಬ್ಬಳು, "ಇಲ್ಲಿ ನೀರಿಲ್ಲ ತಾಯಿ, ನೋಡು, ಬರೀ ನೆಲ," ಎಂದು ಹೇಳುತ್ತಿದ್ದಳು. ಅದರಿಂದ ಅವ್ವನಿಗೆ ಸಮಾಧಾನವಾಗುತ್ತಿರಲಿಲ್ಲ, ಮಗನ ಮೇಲೆ ಮಣ್ಣು ಮುಚ್ಚಿಬಿಟ್ಟಿದ್ದಾರೆಂದುಕೊಂಡು ಅಗೆಯತೊಡಗುತ್ತಿದ್ದಳು. ಕಳೆದ ಚಳಿಗಾಲದಲ್ಲಿ ಒಂದೇ ವಾರದೊಳಗೆ ಮತ್ತೆ ಮತ್ತೆ ಹೀಗಾಯಿತು. ಕೊನೆಯ ಸಲ ಅವಳ ಉಗುರುಗಳು ಕಿತ್ತು ಬಂದಿದ್ದವು. ಮರುದಿನ ಒಂಬತ್ತು ವರ್ಷದವಳಾಗಿ ಎದ್ದು, "ನನ್ನ ಬೆರಳಿಗೆ ಏನಾಯ್ತು?" ಎಂದು ಅಳುತ್ತಾ ಕೈ ಚಾಚಿದಳು. ಬಾಗಿಲಿಗೆ ಸಿಕ್ಕಿತು ಎಂದು ಸುಳ್ಳು ಹೇಳಿ ಅರಿಸಿನ ಹಚ್ಚಿದೆ. ಅವತ್ತೇ ಗಿಡ್ಡ ಗೀಟಿನ ಯೋಚನೆ ನನ್ನ ತಲೆ ಹೊಕ್ಕಿದ್ದು.

ಪಕ್ಕದ ಮನೆಯ ದ್ಯಾವೀರಮ್ಮನ ಹಲಗೆಯ ಮೇಲೆ ಗಿಡ್ಡ ಗೀಟಿತ್ತು. ಅವಳ ಗಂಡ ಮುದ್ದಪ್ಪ ೪-೮೧ ವರ್ಷದವನು. ಒಂದು ದಿನ ಅವಳು ಅವನನ್ನು ಸೊಂಟದ ಮೇಲೆ ಕೂರಿಸಿಕೊಂಡು ಕಾಗೆ ತೋರಿಸುತ್ತಾ ಗಂಜಿ ಉಣಿಸುತ್ತಿದ್ದಳು, ಇನ್ನೊಂದು ದಿನ ಮಂಚದ ಮೇಲೆ ಮಗ್ಗುಲು ತಿರುಗಿಸಿ ಮೈ ಒರೆಸುತ್ತಿದ್ದಳು. ಗಿಡ್ಡ ಗೀಟು ಹೇಗೆ ಎಂದು ನಾನು ಹೋಗಿ ಕೇಳಿದೆ.

"ಒಂದು ತಂಟೆ ಇಲ್ಲ ಕಣೆ ಕಮಲಿ," ಅಂದಳು. "ಅಳಲ್ಲ, ಕೂಗಲ್ಲ. ಮೊದ್ಲು ಉದ್ದ ಇತ್ತಲ್ಲ, ಆಗ ಇವರಣ್ಣನ ಜೊತೆ ಆಸ್ತಿ ಪಾಲಿಗೆ ಬಿದ್ದ ಜಗಳ ವಾರಕ್ಕೊಂದ್ಸಲ ಬರೋದು. ಕುಡುಗೋಲು ಹಿಡ್ಕೊಂಡು ಬೀದಿಗಿಳಿಯೋರು. ಈಗ ನೋಡು, ತಣ್ಣಗವ್ರೆ."

"ಎಂಬತ್ತೊಂದಾದಾಗ ನಿನ್ನ ಗುರುತು ಹಿಡೀತಾರಾ?"

"ಎಲ್ಲಿಂದ ಹಿಡೀತಾರೆ? ನಾನಿರೋದೆಲ್ಲಾ ನಡುವೆ ಅಲ್ವಾ. ನಡುವಿನ ದಾರಿ ನಡೀದೇ ಬಂದ ಎಂಬತ್ತೊಂದು ಅದು. ನೀರು ಕೊಟ್ರೆ ನಿಮ್ಮಿಂದ ಉಪಕಾರ ಆಯ್ತಮ್ಮ ಅಂತಾರೆ. ಬಾಳ ಮರ್ಯಾದಸ್ಥ." ದ್ಯಾವೀರಮ್ಮ ಗಂಜಿಯ ಬಟ್ಟಲನ್ನು ತೊಳೆದು ಬೋರಲು ಹಾಕಿದಳು. "ಒಂದೊಂದ್ಸಲ ಅನಿಸ್ತದೆ, ಒಂದೇ ಒಂದಿನ ಇಪ್ಪತ್ತೈದಾಗಿ ಬಂದು, ಸಾರಿಗೆ ಉಪ್ಪಿಲ್ಲ ಅಂತ ತಟ್ಟೆ ಎಸೆದಿದ್ರೆ ಅಂತ. ಬಿಡು. ನೀನು ಎಳೆಸು. ಆ ಉಗುರು ನೋಡಕ್ಕಾಗಲ್ಲ."

ಓಬಳಯ್ಯನ ಹತ್ತಿರ ಹೋಗಿ ಬೇರೊಂದು ದಾರಿ ಕೇಳಿದೆ. ಗೀಟನ್ನು ಮೂವತ್ತರ ಹತ್ತಿರ ಕಡಿದು, ಒಂದು ಬೆರಳಷ್ಟು ಜಾಗ ಬಿಟ್ಟು, ಮೂವತ್ತೆರಡರಿಂದ ಮತ್ತೆ ಎಳೆಯಲು ಬರುವುದಿಲ್ಲವೇ ಎಂದೆ. ಅವನು ಬ್ರಷ್ಷು ಹಿಡಿದ ಕೈಯನ್ನೇ ಹಣೆಗೆ ಬಡಿದುಕೊಂಡ.

"ಕಡಿದ ಗೀಟು ದಾಟೋರು ಯಾರಮ್ಮ? ಈ ಕಡೆ ಇದ್ರೆ ಈ ಕಡೇನೇ, ಆ ಕಡೆ ಇದ್ರೆ ಆ ಕಡೇನೇ. ಇಲ್ಲಾ ಅಂದ್ರೆ ನಡುವಿನ ಸಂದೀಲಿ ಬಿದ್ದು ಅಲ್ಲೇ ಇದ್ದುಬಿಡ್ತಾರೆ. ಸಂದಿ ಯಾವ್ದು? ಮೂವತ್ತೊಂದು. ಜನ್ಮವೆಲ್ಲ ಮೂವತ್ತೊಂದರಲ್ಲೇ ಇರ್ಲಿ ಅಂತೀಯಾ? ಉದ್ದ ಬೇಕೋ ಗಿಡ್ಡ ಬೇಕೋ ಅಷ್ಟು ಹೇಳು." ಗಿಡ್ಡ ಎಂದು ಹೇಳಿ ಬಂದೆ. ಮನೆಗೆ ಬಂದರೆ ಅವ್ವ ಎಪ್ಪತ್ತೆಂಟಾಗಿ ಗೋಡೆಗೊರಗಿ ಕೂತಿದ್ದಳು. ಯಾಕೆ ಮುಖ ಸಪ್ಪಗಿದೆ ಎಂದು ಕೇಳಿದಳು. ನನಗೆ ಅವಳ ಮುಖ ನೋಡಲಾಗಲಿಲ್ಲ.

ಓಬಳಯ್ಯ ಬಂದ ದಿನ ಬೆಳಿಗ್ಗೆ ನನ್ನ ದುರದೃಷ್ಟಕ್ಕೆ ಅವ್ವ ಮೂವತ್ತೊಂಬತ್ತಾಗಿದ್ದಳು. ನನ್ನನ್ನು ಕೂರಿಸಿಕೊಂಡು ಎಣ್ಣೆ ಹಚ್ಚುತ್ತಿದ್ದಳು. ಅರ್ಧ ತಲೆ ಬಾಚಿ ಆಗಿತ್ತು. ಹೊರಗೆ ಏಣಿ ಗೋಡೆಗೆ ತಾಗಿದ ಸದ್ದು ಕೇಳಿ, "ಯಾರೇ ಅದು?" ಅಂದಳು. "ಸುಣ್ಣದವನು," ಎಂದು ಹೇಳಿ ಎದ್ದೆ. ಇವತ್ತು ಬೇಡ, ನಾಳೆ ಬಾ ಎನ್ನಬೇಕೆಂದು ಹೊರಗೆ ಹೋಗುವಷ್ಟರಲ್ಲಿ ಅವನು ಸೀಮೆಎಣ್ಣೆಯ ಬಟ್ಟೆಯಿಂದ ಉದ್ದ ಗೀಟನ್ನು ಒರೆಸಿಯಾಗಿತ್ತು. ಹಲಗೆಯ ಮೇಲೆ ಎರಡು ಅಂಕಿಗಳು ಮಾತ್ರ ಬೇರೆ ಬೇರೆಯಾಗಿ ನಿಂತಿದ್ದವು. ಗೀಟಿಲ್ಲದ ಹೊತ್ತು ತೀರಾ ಅಪಾಯದ ಹೊತ್ತು, ಹಿರಿಯರು ಇದ್ದ ವಯಸ್ಸಿನಿಂದ ನಿಂತಲ್ಲೇ ಜಾರಿಬಿಡಬಹುದು, ಬೇಗ ಎಳೆಯಬೇಕು. ಓಬಳಯ್ಯ ಬಣ್ಣ ಗಟ್ಟಿಯಾಗಿದೆಯೆಂದು ಕಲಸುತ್ತಾ, ಅಂಗಡಿಯವನನ್ನು ಬೈಯುತ್ತಾ ಕೂತಿದ್ದ.

ಒಳಗಿಂದ ಬಾಚಣಿಗೆ ಬಿದ್ದ ಸದ್ದಾಯಿತು. ಆಮೇಲೆ ಆ ಕೂಗು. ನನಗೆ ಅದು ಯಾವ ವರ್ಷದ್ದೆಂದು ಗೊತ್ತು. ಅವ್ವ ಬಾಗಿಲಿಗೆ ಓಡಿಬಂದಳು. ಕೂದಲು ಕಪ್ಪಗೆ ಬೆನ್ನ ತುಂಬ ಹರಡಿತ್ತು, ತೋಳುಗಳಲ್ಲಿ ಕಸುವಿತ್ತು. ನನಗಿಂತ ಹದಿನಾಲ್ಕು ವರ್ಷ ಚಿಕ್ಕವಳು ನಮ್ಮವ್ವ. ನಾನು ಹೊಸ್ತಿಲಲ್ಲಿ ಅಡ್ಡ ನಿಂತು ಅವಳನ್ನು ತಬ್ಬಿ ಹಿಡಿದೆ. "ಬಿಡೇ, ಯಾರೇ ನೀನು, ಬಿಡೇ! ನನ್ನ ಮಗ ನೀರಿಗೆ ಬಿದ್ದವ್ನಂತೆ," ಎಂದು ಗುದ್ದಿದಳು. ಕನ್ನಡಕ ಹಾರಿಹೋಯಿತು. ಪ್ರತಿ ಸಲವೂ ನಾನು ನೆಂಟರವಳೆಂದು ಹೇಳಿಕೊಂಡು, ಅವನನ್ನು ಎತ್ತಿದ್ದಾರೆ, ಮನೆಗೆ ತರುತ್ತಿದ್ದಾರೆ ಎಂದು ಸುಳ್ಳಿನ ಮೇಲೆ ಸುಳ್ಳು ಹೆಣೆಯುತ್ತಿದ್ದೆ. ಅವತ್ತು ಒಂದು ಸುಳ್ಳೂ ಬಾಯಿಗೆ ಬರಲಿಲ್ಲ.

"ಅವ್ವಾ, ನಾನು ನಿನ್ನ ಮಗಳು. ನೀನು ನನ್ನ ಇನ್ನೂ ಹಡೆದಿಲ್ಲ."

ಸದ್ದು ಕೇಳಿ ಬಂದಿದ್ದ ದ್ಯಾವೀರಮ್ಮ, "ಹೇಳ್ಬೇಡ ಕಮಲಿ, ಹೇಳ್ಬಾರ್ದು," ಎಂದು ಬೀದಿಯಿಂದಲೇ ಕೂಗಿದಳು. ಅವ್ವ ಗುದ್ದುವುದನ್ನು ನಿಲ್ಲಿಸಿದಳು. ಅವಳೂ ಈ ಊರಿನ ಹೆಂಗಸೇ ತಾನೆ, ತನ್ನ ಅತ್ತೆಯ ಓಡಾಟವನ್ನು ವರ್ಷಗಟ್ಟಲೆ ನೋಡಿಕೊಂಡವಳು. ತನ್ನ ಕೈಗಳನ್ನು ತಿರುಗಿಸಿ ನೋಡಿಕೊಂಡಳು. ಆಗಷ್ಟೇ ಮೊಳೆಯುತ್ತಿದ್ದ ಉಗುರುಗಳನ್ನು ನೋಡಿದಳು.

"ನಾನು ಓಡಾಟದಲ್ಲಿದ್ದೀನಾ?"

"ಹೂಂ."

"ಹಂಗಾದ್ರೆ ನಾನು ಬದುಕಿಬಿಟ್ಟೆನಾ?"

"ಬದುಕಿದೆ. ಈಗ ನಿನಗೆ ಎಪ್ಪತ್ತೆಂಟು."

ಖುಷಿಪಡುತ್ತಾಳೆಂದು ನಾನೇನೂ ಅಂದುಕೊಂಡಿರಲಿಲ್ಲ. ಆದರೆ ಅವಳು ನಾಚಿಕೆಪಟ್ಟಳು. ಕಳ್ಳತನ ಮಾಡಿ ಸಿಕ್ಕಿಬಿದ್ದವಳ ಹಾಗೆ ಸೆರಗನ್ನು ಬಾಯಿಗೆ ಒತ್ತಿಕೊಂಡು, "ಅವನನ್ನ ಬಿಟ್ಟು ಅಷ್ಟು ವರ್ಷಾನಾ?" ಅಂದಳು. ನಾನು ಅವಳನ್ನು ಒಳಗೆ ಕರೆತಂದು ಚಾಪೆಯ ಮೇಲೆ ಕೂರಿಸಿದೆ. ಸ್ವಲ್ಪ ಹೊತ್ತು ಬರೀ ಬಿಕ್ಕಿದಳು.

"ಈ ದಿನ ಹಿಂಗೇ ಬರ್ತಾ ಇರ್ತದಾ?"

"ಬರ್ತಾ ಇರ್ತದೆ."

"ಪ್ರತಿ ಸಲಾನೂ ನಾನು ಓಡ್ತೀನಾ?"

"ಓಡ್ತೀಯ."

"ಸಿಗ್ತಾನಾ?"

ಅಷ್ಟು ಆಸೆಯಿಂದ ಕೇಳಿದವಳಿಗೆ ಉತ್ತರ ಹೇಳುವ ಧೈರ್ಯ ನನಗೆ ಎಲ್ಲಿಂದ ಬಂತೋ. "ಇಲ್ಲ ಅವ್ವ," ಅಂದೆ.

ಊರಿನ ಕಟ್ಟನ್ನು ಅರ್ಧ ಮುರಿದದ್ದಾಗಿತ್ತು, ಉಳಿದರ್ಧವನ್ನೂ ಮುರಿದೆ. ಹಲಗೆಯ ವಿಷಯವನ್ನು ಅವಳಿಗೇ ಹೇಳಿದೆ. ಈಗ ಗೀಟಿಲ್ಲ, ಓಬಳಯ್ಯ ಏಣಿಯ ಮೇಲೆ ಕಾಯುತ್ತಿದ್ದಾನೆ, ಉದ್ದ ಎಳೆದರೆ ಹೀಗೆ, ಗಿಡ್ಡ ಎಳೆದರೆ ಹಾಗೆ, ನಿನಗೆ ಯಾವುದು ಬೇಕು ಎಂದು ಕೇಳಿದೆ. ಅವಳು ಕೆನ್ನೆ ಒರೆಸಿಕೊಂಡು ನೆಟ್ಟಗೆ ಕೂತಳು.

"ಗಿಡ್ಡ ಎಳೆದ್ರೆ ಈ ದಿನ ಬರಲ್ವಾ?"

"ಬರಲ್ಲ."

"ರೇವಣ್ಣ?"

"ಅವನೂ ಬರಲ್ಲ. ಅವನು ಹುಟ್ಟಿದ್ದು, ನಡೆದಿದ್ದು, ಯಾವುದೂ ಬರಲ್ಲ."

"ನೀನು?"

"ನಾನೂ ಇಲ್ಲ. ನಿನ್ನ ಪಕ್ಕದಲ್ಲೇ ಇರ್ತೀನಿ. ನಿನಗೆ ಗೊತ್ತಾಗಲ್ಲ ಅಷ್ಟೇ."

ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ಅರ್ಧ ಬಾಚಿದ ನನ್ನ ತಲೆಯನ್ನು, ಎಣ್ಣೆ ಇಳಿಯುತ್ತಿದ್ದ ಹಣೆಯನ್ನು, ಸೂಜಿ ಚುಚ್ಚಿ ಗಟ್ಟಿಯಾದ ಬೆರಳನ್ನು ನೋಡಿದಳು. "ನಿನ್ನ ಚೆನ್ನಾಗಿ ನೋಡ್ಕೊಂಡೆನಾ?" ಎಂದು ಕೇಳಿದಳು.

"ನೋಡ್ಕೊಂಡೆ."

"ಹೊಡೀತಿದ್ನಾ?"

"ಒಂದೊಂದ್ಸಲ. ಬಾಚಣಿಗೆಯಲ್ಲಿ."

ಹೊರಗೆ ಓಬಳಯ್ಯ, "ಬಣ್ಣ ಒಣಗ್ತದೆ, ಏನಾದ್ರೂ ಹೇಳ್ರಮ್ಮ," ಎಂದು ಕೂಗಿದ. ಅವ್ವ ನನ್ನ ಕೈ ಹಿಡಿದುಕೊಂಡಳು.

"ನೀನು ನನಗೆ ಗೊತ್ತಿಲ್ಲ ಕಣವ್ವ. ಗೊತ್ತಿದ್ದಿದ್ರೆ ಬೇರೆ ಮಾತು ಹೇಳ್ತಿದ್ನೋ ಏನೋ. ಈ ದಿನ ಇನ್ನೊಂದ್ಸಲ ನನ್ನ ಕೈಲಾಗಲ್ಲ. ಅವನು ಹೋದ್ರೂ ಹೋಗ್ಲಿ. ಗಿಡ್ಡ ಎಳೆಸಿಬಿಡು."

ನಾನು ಎದ್ದು ನಿಂತೆ. ಇದೇ ಮಾತನ್ನು ಬೆಳಿಗ್ಗೆ, ಅವಳು ಮೂವತ್ತೊಂಬತ್ತಾಗಿದ್ದಾಗ, ನನ್ನ ತಲೆ ಅವಳ ಕೈಯಲ್ಲಿದ್ದಾಗ ಕೇಳಿದ್ದರೆ ಏನನ್ನುತ್ತಿದ್ದಳು? ಖಂಡಿತ ಬೇರೆಯೇ ಹೇಳುತ್ತಿದ್ದಳು. ಹೊರಗೆ ಹೋಗಿ ಉದ್ದ ಎಳೆ ಎಂದರೂ ಕೇಳುವವರಿರಲಿಲ್ಲ. ನಾಳೆ ಅವ್ವ ಇಪ್ಪತ್ತೋ ಅರವತ್ತೋ ಆಗಿ ಎದ್ದರೆ ಈ ಮಾತುಕತೆಯೇ ಅವಳಿಗೆ ನೆನಪಿರುವುದಿಲ್ಲ. ಒಂದು ಗಳಿಗೆ ಹಾಗೇ ಮಾಡುವ ಮನಸ್ಸಾಯಿತು. ತಿರುಗಿ ನೋಡಿದೆ. ಅವಳು ನಾನು ಬಾಗಿಲು ದಾಟುವುದನ್ನೇ ಕಾಯುತ್ತಿದ್ದಳು. ಕಿವಿ ಎರಡನ್ನೂ ಅಂಗೈಯಿಂದ ಗಟ್ಟಿಯಾಗಿ ಮುಚ್ಚಿಕೊಂಡಿದ್ದಳು, ಆದರೂ ಹೊಂಡದ ಕಡೆಯ ಕೂಗು ಅವಳಿಗೆ ಕೇಳಿಸುತ್ತಲೇ ಇತ್ತೆಂದು ಕಾಣುತ್ತದೆ.

"ಗಿಡ್ಡ," ಎಂದು ಓಬಳಯ್ಯನಿಗೆ ಹೇಳಿದೆ.

ಅವನು ಎಪ್ಪತ್ತೆಂಟನ್ನು ಒರೆಸಿ, ಆರರ ಪಕ್ಕಕ್ಕೇ ತಂದು ಬರೆದು, ಬ್ರಷ್ಷು ಅದ್ದಿ ನಡುವೆ ಎಳೆದ. ಅಕ್ಕಿಕಾಳಿನಷ್ಟು ಉದ್ದದ ಗೀಟು. ಒಳಗೆ ಅಳು ಅರ್ಧಕ್ಕೆ ನಿಂತಿತು. ದ್ಯಾವೀರಮ್ಮ ಸೆರಗಿನಿಂದ ಮೂಗು ಒರೆಸಿಕೊಂಡು ತನ್ನ ಮನೆಗೆ ಹೊರಟುಹೋದಳು. ಓಬಳಯ್ಯ ಏಣಿ ಹೆಗಲಿಗೇರಿಸಿಕೊಂಡು ಬೀದಿಯ ತಿರುವು ದಾಟುವವರೆಗೂ ನಾನು ಅಲ್ಲೇ ನಿಂತಿದ್ದು ಆಮೇಲೆ ಒಳಗೆ ಹೋದೆ.

ಚಾಪೆಯ ಮೇಲೆ, ಸೀರೆಯ ರಾಶಿಯ ನಡುವೆ, ಆರು ವರ್ಷದ ಹುಡುಗಿ ಕೂತಿದ್ದಳು. ತನ್ನ ಕೆನ್ನೆಯನ್ನು ಮುಟ್ಟಿ ಮುಟ್ಟಿ ಬೆರಳು ನೋಡಿಕೊಳ್ಳುತ್ತಿದ್ದಳು.

"ನನ್ನ ಮುಖ ಯಾಕೆ ಒದ್ದೆ?" ಎಂದು ಕೇಳಿದಳು.

"ಮುಖ ತೊಳೆಸಿದ್ದು."

"ನೀನ್ಯಾರು?"

"ಕಮಲಾಕ್ಷಿ."

"ಎಷ್ಟು ಉದ್ದ ಹೆಸರು! ಯಾರು ಇಟ್ಟಿದ್ದು?"

"ನಮ್ಮವ್ವ."

ಹುಡುಗಿ ಕತ್ತು ಚಾಚಿ ಅಡಿಗೆಮನೆಯ ಕಡೆ ನೋಡಿದಳು, ನಡುಮನೆಯ ಕಡೆ ನೋಡಿದಳು. "ಎಲ್ಲಿ ನಿಮ್ಮವ್ವ?" ಅಂದಳು.

ನಾನು ಕೂತುಕೊಂಡು ಸೆರಗಿನಿಂದ ಅವಳ ಕೆನ್ನೆ ಒರೆಸಿದೆ.

"ಈಗ ತಾನೆ ಹೋದಳು," ಅಂದೆ.